ತೆಂಗಿನ ಸೀಮೆಯ ಶಾಲಾ ಹಬ್ಬ

ಜನವರಿ ಕಳೆದು ಫೆಬ್ರವರಿ ಕಾಲಿಟ್ಟ ಒಂದು ಸಂಜೆ ನೀವು ತಿಪಟೂರಿನಿಂದಲೋ ತುರುವೇಕೆರೆಯಿಂದಲೋ ಚಿಕ್ಕನಾಯಕನಹಳ್ಳಿಯ ಕಡೆಗೆ ಹೊರಟಿದ್ದೀರಿ ಎಂದು ಭಾವಿಸಿ. ರಸ್ತೆಯ ಎರಡೂ ಬದಿಗೆ ತೆಂಗಿನ ತೋಟಗಳು, ನಡುನಡುವೆ ರಾಗಿಯ ಕಟಾವು ಮುಗಿದು ಬರಿದಾದ ಹೊಲಗಳು, ದೂರದಲ್ಲಿ ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲು. ಹೊತ್ತು ಮುಳುಗುವ ವೇಳೆಗೆ ಯಾವುದೋ ಊರಿನಿಂದ ಧ್ವನಿವರ್ಧಕದ ಸದ್ದು ಕೇಳಿಬರುತ್ತದೆ. ಜಾತ್ರೆಯೇ? ಅಲ್ಲ. ಮದುವೆಯೇ? ಅದೂ ಅಲ್ಲ. ಒಬ್ಬ ಪುಟ್ಟ ಹುಡುಗಿ ಉಸಿರು ಬಿಗಿಹಿಡಿದು, ಬಾಯಿಪಾಠ ಮಾಡಿದ ಸ್ವಾಗತ ಭಾಷಣವನ್ನು ಒಂದೇ ಗುಕ್ಕಿನಲ್ಲಿ ಒಪ್ಪಿಸುತ್ತಿದ್ದಾಳೆ. ಅದು ಆ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯ ವಾರ್ಷಿಕೋತ್ಸವ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಹೋಬಳಿಯ ಊರುಗಳಲ್ಲಿ ಇಂಥ ಸಂಜೆ ಅಪರೂಪದ್ದಲ್ಲ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯುದ್ದಕ್ಕೂ, ಆ ಮಾತಿಗೆ ಕನ್ನಡ ನಾಡಿನ ಯಾವ ಹಳ್ಳಿಯಲ್ಲಿಯೂ, ಇದು ವರ್ಷಕ್ಕೊಮ್ಮೆ ಬರುವ ನೋಟ. ಎಷ್ಟು ಪರಿಚಿತವೆಂದರೆ, ಇದಕ್ಕೂ ಒಂದು ಚರಿತ್ರೆಯಿದೆ ಎಂದು ನಾವು ಯೋಚಿಸುವುದೇ ಇಲ್ಲ. ಆದರೆ ಆ ರಾತ್ರಿ ವೇದಿಕೆಯ ಮೇಲೆ ಯಾರು ನಿಂತಿದ್ದಾರೆ, ಕೆಳಗೆ ಯಾರು ಕುಳಿತಿದ್ದಾರೆ ಎಂಬುದನ್ನು ಸ್ವಲ್ಪ ಎಚ್ಚರದಿಂದ ನೋಡಿದರೆ, ನಮ್ಮ ನಾಡಿನ ಶಿಕ್ಷಣದ ಸುಮಾರು ನೂರೈವತ್ತು ವರ್ಷಗಳ ಕಥೆ ಅಲ್ಲಿಯೇ ತೆರೆದುಕೊಳ್ಳುತ್ತದೆ. ಆ ಕಥೆಯನ್ನು ನಿಮ್ಮೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಕೂಲಿಮಠದ ಮಕ್ಕಳು

ಸರ್ಕಾರಿ ಶಾಲೆ ಬರುವ ಮುನ್ನವೂ ನಮ್ಮ ಹಳ್ಳಿಗಳಲ್ಲಿ ವಿದ್ಯೆಯಿತ್ತು. ಅದನ್ನು ಕಲಿಸುತ್ತಿದ್ದುದು ಕೂಲಿಮಠ. ದೇವಸ್ಥಾನದ ಪ್ರಾಕಾರದಲ್ಲೋ, ಚಾವಡಿಯಲ್ಲೋ, ಅನುಕೂಲಸ್ಥರ ಮನೆಯ ಜಗುಲಿಯ ಮೇಲೋ ಐಗಳು ಕುಳಿತು ಹತ್ತಿಪ್ಪತ್ತು ಹುಡುಗರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಕೈ ಕುದುರಿದ ಮೇಲೆ ಬಳಪ, ಕಡತ. ಬಾಯಿಪಾಠಕ್ಕೆ ಮಗ್ಗಿ, ಅಮರಕೋಶ. ಮುಂದುವರಿದವರಿಗೆ ಜೈಮಿನಿ ಭಾರತದ ಪದ್ಯಗಳು. ಐಗಳಿಗೆ ಸಂಬಳವೆಂಬುದು ಇರಲಿಲ್ಲ. ಪಾಲಕರು ಕೊಡುವ ರಾಗಿ, ಕಾಯಿ, ಬೆಲ್ಲ, ಒಂದಿಷ್ಟು ಕಾಸು, ಇವೇ ಅವರ ಜೀವನೋಪಾಯ.

ಈ ಕೂಲಿಮಠಕ್ಕೂ ಒಂದು ವಾರ್ಷಿಕ ಪ್ರದರ್ಶನವಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಮಹಾನವಮಿಯ ದಿನಗಳಲ್ಲಿ ಮಠದ ಹುಡುಗರು ಮಡಿಬಟ್ಟೆ ತೊಟ್ಟು, ಬಣ್ಣದ ಕೋಲುಗಳನ್ನು ಹಿಡಿದು, ಐಗಳ ಹಿಂದೆ ಸಾಲುಗಟ್ಟಿ ಮನೆಮನೆಗೂ ಹೋಗುತ್ತಿದ್ದರು. ಅಂಗಳದಲ್ಲಿ ನಿಂತು ಚೌಪದ ಹಾಡಿ, ಕೋಲು ಹೊಯ್ದು, ಮನೆಯವರಿಗೆ ಶುಭವಾಗಲೆಂದು ಹರಸುತ್ತಿದ್ದರು. ಮಕ್ಕಳಿಗೆ ಪುರಿ, ಕಡಲೆ, ಬೆಲ್ಲ ಸಿಕ್ಕಿದರೆ ಐಗಳಿಗೆ ದಕ್ಷಿಣೆ ಸಿಗುತ್ತಿತ್ತು. ಕರಾವಳಿಯಲ್ಲಿ ನವರಾತ್ರಿಯ ಹೊತ್ತಿಗೆ ಮನೆಮನೆಗೆ ಬರುವ ಹೂವಿನಕೋಲು ಎಂಬ ಮಕ್ಕಳ ಯಕ್ಷಗಾನವೂ ಇದರ ಹತ್ತಿರದ ಬಂಧುವೇ. ಇಲ್ಲಿ ಊರು ಶಾಲೆಗೆ ಬರುತ್ತಿರಲಿಲ್ಲ. ಶಾಲೆಯೇ ಊರಿನ ಹೊಸ್ತಿಲಿಗೆ ಹೋಗುತ್ತಿತ್ತು. ಒಂದು ವರ್ಷದಲ್ಲಿ ಮಗು ಏನು ಕಲಿತಿದೆ ಎಂಬುದನ್ನು ತಂದೆತಾಯಿಗಳು ತಮ್ಮ ಅಂಗಳದಲ್ಲಿಯೇ ಕೇಳಿ ತಿಳಿಯುತ್ತಿದ್ದರು, ಅದಕ್ಕೆ ತಕ್ಕಂತೆ ಕೈ ಬಿಚ್ಚುತ್ತಿದ್ದರು.

ಈ ಚಿತ್ರ ಸೊಗಸಾಗಿದೆ. ಆದರೆ ಆ ಸಾಲಿನಲ್ಲಿ ಯಾರಿರಲಿಲ್ಲ ಎಂಬುದನ್ನೂ ನಾವು ಕೇಳಿಕೊಳ್ಳಬೇಕು. ಹೆಣ್ಣುಮಕ್ಕಳು ಇರಲಿಲ್ಲವೆಂದೇ ಹೇಳಬೇಕು. ಊರ ಹೊರಗಿನ ಕೇರಿಯ ಮಕ್ಕಳು ಖಂಡಿತ ಇರಲಿಲ್ಲ. ದಕ್ಷಿಣೆ ಕೊಡಲಾಗದ ಕೂಲಿಯವನ ಮಗನೂ ಇರಲಿಲ್ಲ. ಮುಂದಿನ ಕಥೆಯೆಲ್ಲ ಒಂದು ರೀತಿಯಲ್ಲಿ ಈ ಸಾಲು ಹೇಗೆ ಉದ್ದವಾಯಿತು ಎಂಬುದರ ಕಥೆಯೇ ಆಗಿದೆ.

ಹೋಬಳಿಗೊಂದು ಶಾಲೆ

ಮೈಸೂರು ಸಂಸ್ಥಾನದಲ್ಲಿ ಹೊಸ ಮಾದರಿಯ ಶಾಲೆಗಳು ಮೊದಲು ಕಾಣಿಸಿಕೊಂಡುದು ಪೇಟೆಗಳಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಈ ಸೀಮೆಗೆ ಹತ್ತಿರದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನವರು 1830ರ ದಶಕದ ಕೊನೆಯ ಹೊತ್ತಿಗೆ ನೆಲೆಯೂರಿದ್ದರು. 1839ರಲ್ಲಿ ಭಾರತಕ್ಕೆ ಬಂದ ವಿಲಿಯಂ ಆರ್ಥರ್ ಗುಬ್ಬಿಯಲ್ಲಿ ಕಳೆದ ದಿನಗಳನ್ನು ಕುರಿತು ಮುಂದೆ ಪುಸ್ತಕವನ್ನೇ ಬರೆದರು. ಆದರೆ ಸಂಸ್ಥಾನದ ಹಳ್ಳಿಹಳ್ಳಿಗೂ ಅಕ್ಷರ ತಲುಪಿಸುವುದು ಯಾವ ಮಿಷನ್ನಿನ ಕೈಗೂ ಮೀರಿದ ಕೆಲಸ. ಅದಕ್ಕೆ ಸರ್ಕಾರವೇ ಮುಂದಾಗಬೇಕಿತ್ತು.

1854ರ ಶಿಕ್ಷಣ ನಿರೂಪದ ಫಲವಾಗಿ 1857ರಲ್ಲಿ ಮೈಸೂರಿನಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆ ಹುಟ್ಟಿತು. ಆದರೂ ಮೊದಲ ಹತ್ತು ವರ್ಷ ಅದರ ಗಮನ ಪೇಟೆಗಳ ಮೇಲೆಯೇ ಇತ್ತು. 1868ರಲ್ಲಿ ಇಲಾಖೆಯ ಮುಖ್ಯಸ್ಥರಾದ ಬಿ. ಎಲ್. ರೈಸ್ ಒಂದು ಸರಳ ಯೋಜನೆಯನ್ನು ಮುಂದಿಟ್ಟರು: ಪ್ರತಿ ಹೋಬಳಿಗೂ ಒಂದು ಶಾಲೆ. ಶಾಲೆಗೆ ಜಾಗವನ್ನು ಊರವರು ಒದಗಿಸಬೇಕು. ಮೇಷ್ಟ್ರ ಸಂಬಳವನ್ನು ಸರ್ಕಾರ ಕೊಡಬೇಕು. ಮೇಷ್ಟ್ರನ್ನು ಆದಷ್ಟೂ ಅಲ್ಲಿನ ಮಠದ ಐಗಳ ಪೈಕಿಯಿಂದಲೇ ಆರಿಸಿ ತರಬೇತಿ ಕೊಡಬೇಕು. ಹೊಸದನ್ನು ಕಟ್ಟಲು ಹಳೆಯದನ್ನು ಕೆಡವದೆ, ಕೂಲಿಮಠವನ್ನೇ ಸರ್ಕಾರಿ ಶಾಲೆಯಾಗಿ ಬೆಳೆಸುವ ಜಾಣ್ಮೆ ಇದರಲ್ಲಿತ್ತು.

ರೈಸ್ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಅವರ ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಕನ್ನಡ ನಾಡು ಮಗನನ್ನು ಇಂದು ನೆನೆಯುವುದು ಶಾಸನಗಳ ಮಹಾಸಂಪುಟಗಳಿಗಾಗಿ. ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ 1904ರಲ್ಲಿ ಹೊರಬಂದಿತು. ಆದರೆ ಆ ಶಾಸನಗಳ ಬಳಿಗೆ ಅವರನ್ನು ಮೊದಲು ಕರೆದೊಯ್ದುದು ಶಾಲೆಗಳ ತನಿಖೆಗಾಗಿ ಮಾಡಿದ ಸಂಚಾರವೇ. ಕಲ್ಲಿನ ಮೇಲಿನ ಅಕ್ಷರ ಓದಿದ ಕೈಯೇ ಹಳ್ಳಿಯ ಮಗುವಿನ ಹಲಗೆಯ ಮೇಲೂ ಅಕ್ಷರ ಮೂಡಲಿ ಎಂದು ಬಯಸಿತ್ತು ಎಂಬುದನ್ನು ಮರೆಯಬಾರದು. ಶೆಟ್ಟಿಕೆರೆ ಹೋಬಳಿ, ಹಂದನಕೆರೆ ಹೋಬಳಿ, ಹುಳಿಯಾರು ಹೋಬಳಿ ಎಂದು ಇಂದು ನಾವು ಕಂದಾಯದ ಕಾಗದಗಳಲ್ಲಿ ಓದುವ ಆ ‘ಹೋಬಳಿ’ ಎಂಬ ಮಾತಿಗೆ ಹೀಗೆ ಶಿಕ್ಷಣದ ಚರಿತ್ರೆಯಲ್ಲಿಯೂ ಒಂದು ಸ್ಥಾನವಿದೆ.

ಹೋಬಳಿ ಶಾಲೆ ಬಂದ ಮೇಲೆ ವರ್ಷದ ಪ್ರದರ್ಶನದ ಸ್ವರೂಪ ಬದಲಾಯಿತು. ಮನೆಮನೆಯ ಚೌಪದಕ್ಕಿಂತ ಇನ್‌ಸ್ಪೆಕ್ಟರ್ ಸಾಹೇಬರ ತನಿಖೆ ದೊಡ್ಡದಾಯಿತು. ಅವರು ಬರುವ ದಿನ ಶಾಲೆಗೆ ಸುಣ್ಣ ಬಳಿದು, ಮಾವಿನ ತೋರಣ ಕಟ್ಟಿ, ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಸಾಲಾಗಿ ನಿಲ್ಲಿಸುತ್ತಿದ್ದರು. ಪದ್ಯ ಹೇಳಿಸುತ್ತಿದ್ದರು, ಬಾಯಿಲೆಕ್ಕ ಮಾಡಿಸುತ್ತಿದ್ದರು. ಒಂದು ಕಾಲಕ್ಕೆ ತಂದೆತಾಯಿಗಳ ಮುಂದೆ ಹಾಡುತ್ತಿದ್ದ ಮಕ್ಕಳು ಈಗ ಸರ್ಕಾರದ ಮುಂದೆ ಹಾಡತೊಡಗಿದರು. ಮೇಷ್ಟ್ರಿಗೆ ಅನ್ನ ಕೊಡುವವರು ಬದಲಾದಂತೆ ಪ್ರೇಕ್ಷಕರೂ ಬದಲಾದರು. ಇದನ್ನು ತಪ್ಪೆಂದು ಹೇಳುತ್ತಿಲ್ಲ. ಸಂಬಳ ಪಡೆಯುವ ಮೇಷ್ಟ್ರು ಬಂದುದರಿಂದಲೇ ದಕ್ಷಿಣೆ ಕೊಡಲಾಗದವರ ಮಗುವಿಗೂ ಬಾಗಿಲು ತೆರೆಯಿತು. ಆದರೆ ಶಾಲೆ ‘ನಮ್ಮದು’ ಎಂಬ ಭಾವ ಸ್ವಲ್ಪ ಸಡಿಲವಾಗಿ, ‘ಸರ್ಕಾರದ್ದು’ ಎಂಬ ಮಾತು ಊರಿನ ನಾಲಗೆಗೆ ಬಂದುದೂ ಆಗಲೇ.

ಬಾಗಿಲು ತೆರೆದ ವರ್ಷಗಳು

ಸರ್. ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರ ಕಾಲದಲ್ಲಿ, 1913ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ಅವಕಾಶ ಕೊಡುವ ಶಾಸನ ಜಾರಿಗೆ ಬಂದಿತು. ಆ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ದುಪ್ಪಟ್ಟಿಗೂ ಮಿಕ್ಕಿ ಏರಿತು. ಅದಕ್ಕಿಂತಲೂ ದೊಡ್ಡ ಸಂಗತಿಯೆಂದರೆ 1915ರ ಆದೇಶ. ಸರ್ಕಾರಿ ಶಾಲೆಯಲ್ಲಿ ಜಾತಿಯ ಕಾರಣಕ್ಕಾಗಿ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದು ಎಂಬುದು ಅದರ ತಿರುಳು. ಅದನ್ನು ಒಪ್ಪದ ಕೆಲವು ಕಡೆ ಮೇಲುಜಾತಿಯ ಪಾಲಕರು ತಮ್ಮ ಮಕ್ಕಳನ್ನೇ ಶಾಲೆಯಿಂದ ಬಿಡಿಸಿಕೊಂಡರು. ಕಾಗದದ ಮೇಲೆ ತೆರೆದ ಬಾಗಿಲು ಅಂಗಳದಲ್ಲಿ ತೆರೆಯಲು ಇನ್ನೂ ಹಲವು ವರ್ಷಗಳೇ ಬೇಕಾದವು. ಆದರೂ ಒಮ್ಮೆ ತೆರೆದ ಬಾಗಿಲನ್ನು ಮತ್ತೆ ಮುಚ್ಚಲು ಯಾರಿಂದಲೂ ಆಗಲಿಲ್ಲ.

ಈ ಸೀಮೆ ವಿದ್ಯೆಗೆ ಎಂಥ ನೆಲವಾಗಿತ್ತು ಎಂಬುದಕ್ಕೆ ಕೆಲವು ಹೆಸರುಗಳೇ ಸಾಕ್ಷಿ. ಭಾರತೀಯ ಕಾವ್ಯಮೀಮಾಂಸೆಯನ್ನು ಕನ್ನಡಿಗರ ಕೈಗಿತ್ತ ತೀ. ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದ ಸಾ. ಶಿ. ಮರುಳಯ್ಯನವರು 1931ರಲ್ಲಿ ಹುಟ್ಟಿದ್ದು ಅದೇ ತಾಲ್ಲೂಕಿನ ಸಾಸಲಿನಲ್ಲಿ. ಒಬ್ಬರ ಹೆಸರಿನ ‘ತೀ’, ಇನ್ನೊಬ್ಬರ ಹೆಸರಿನ ‘ಸಾ’ ಅವರವರ ಊರಿನ ಗುರುತು. ವಿದ್ವತ್ತಿನ ಎತ್ತರಕ್ಕೆ ಏರಿದ ಮೇಲೂ ಹಳ್ಳಿಯ ಹೆಸರನ್ನು ಹಣೆಯ ಮೇಲೆ ಹೊತ್ತು ನಡೆದವರು ಅವರು. ಪಕ್ಕದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕದ ದಾರಿಯಲ್ಲಿ ‘ಅಶ್ವತ್ಥಾಮನ್’ ಬರೆದು ಕನ್ನಡ ರಂಗಭೂಮಿಗೆ ಹೊಸ ಬಾಗಿಲು ತೆರೆದರು.

ನಾಟಕದ ಗಾಳಿ

ರಂಗಭೂಮಿಯ ಮಾತು ಬಂದಾಗ ಗುಬ್ಬಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಎಳೆಯ ಬಾಲಕನಾಗಿ ಕಂಪನಿಯನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ ನಾಡಿನ ಮೂಲೆಮೂಲೆಗೂ ನಾಟಕವನ್ನು ಕೊಂಡೊಯ್ದರು. 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದವು. ಗುಬ್ಬಿಯಿಂದ ಎದ್ದ ಆ ಗಾಳಿ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಪೂರ್ತಿ ಅಡಗಿಲ್ಲ. ನಾಟಕದ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಊರಿಗೆ ಬಂದು ತಿಂಗಳುಗಟ್ಟಲೆ ಪದ ಕಲಿಸುವುದು, ಬಾಡಿಗೆಯ ಸೀನರಿ ತರಿಸಿ ರಾತ್ರಿಯಿಡೀ ಪೌರಾಣಿಕ ನಾಟಕ ಆಡುವುದು, ದುರ್ಯೋಧನನ ಪಾತ್ರಕ್ಕಾಗಿ ಊರ ಯಜಮಾನರೇ ಪೈಪೋಟಿ ನಡೆಸುವುದು ಇವೆಲ್ಲ ನಿಮಗೂ ತಿಳಿದದ್ದೇ. ಕಂಪನಿ ನಾಟಕಕ್ಕೂ ಮೊದಲಿನ ಮೂಡಲಪಾಯ ಬಯಲಾಟ, ಗ್ರಾಮದೇವತೆಯ ಹಬ್ಬದ ಸೋಮನ ಕುಣಿತ ಇವೂ ಈ ನೆಲದ ಸೊತ್ತು.

ಹೀಗೆ ಆಟದ ರುಚಿ ಹತ್ತಿದ ಊರಿನಲ್ಲಿ ಶಾಲೆಯ ಮಕ್ಕಳು ಸುಮ್ಮನಿರುವರೇ? ಬೆಂಚುಗಳನ್ನು ಜೋಡಿಸಿ ಕಟ್ಟಿದ ವೇದಿಕೆ, ತಾಯಂದಿರ ಸೀರೆಗಳ ಪರದೆ, ಮೇಲೆ ತೆಂಗಿನ ಗರಿಯ ಚಪ್ಪರ, ಬೆಳಕಿಗೆ ಪೆಟ್ರೋಮ್ಯಾಕ್ಸ್ ದೀಪ. ಇಷ್ಟಿದ್ದರೆ ಶಾಲೆಯೇ ಒಂದು ನಾಟಕ ಕಂಪನಿ. ಕುವೆಂಪು ಅವರು ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’ ಮೊದಲಾದ ಮಕ್ಕಳ ನಾಟಕಗಳನ್ನು ಬರೆದು ಮೇಷ್ಟ್ರುಗಳ ಕೈಗೆ ಕೊಟ್ಟ ಮೇಲೆ, ದೊಡ್ಡವರ ನಾಟಕವನ್ನು ಮಕ್ಕಳಿಂದ ಆಡಿಸುವ ಬದಲು ಮಕ್ಕಳದೇ ನಾಟಕವನ್ನು ಆಡಿಸುವ ದಾರಿ ತೆರೆಯಿತು. ಶಾರದಾಪೂಜೆ, ಬಹುಮಾನ ವಿತರಣೆ, ಮನರಂಜನೆ ಈ ಮೂರೂ ಒಂದುಗೂಡಿ ಇಂದು ನಾವು ‘ವಾರ್ಷಿಕೋತ್ಸವ’ ಎನ್ನುವ ಹಬ್ಬ ರೂಪುಗೊಂಡಿತು. ಬಹುಕಾಲ ಮನೆಮನೆಗೆ ಹೋಗುತ್ತಿದ್ದ, ಆಮೇಲೆ ಸಾಹೇಬರಿಗಾಗಿ ಕಾಯುತ್ತಿದ್ದ ಶಾಲೆಗೆ, ಈಗ ಊರೇ ಚಾಪೆ ಹಿಡಿದು ಬರತೊಡಗಿತು.

ಈ ವೇದಿಕೆಯ ಮೇಲೆ ಎರಡು ಸದ್ದಿಲ್ಲದ ಬದಲಾವಣೆಗಳು ನಡೆದವು. ಮೊದಲನೆಯದು ಹೆಣ್ಣುಮಕ್ಕಳದು. ಹುಡುಗರೇ ಸೀರೆಯುಟ್ಟು ಸೀತೆ, ಚಂದ್ರಮತಿಯಾಗುತ್ತಿದ್ದ ಕಾಲ ಹೋಗಿ ಹುಡುಗಿಯರೇ ವೇದಿಕೆ ಏರಿದರು. ‘ಮನೆಯ ಹೆಣ್ಣುಮಗಳು ನಾಲ್ಕು ಜನರೆದುರು ಕುಣಿಯುವುದೇ?’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಭಾಷಣದಿಂದಲ್ಲ, ಶಾಲೆಯ ಕೋಲಾಟದಿಂದ. ಎರಡನೆಯದು ಜಾತಿಯದು. ಪಾತ್ರ ಹಂಚುವ ಮೇಷ್ಟ್ರಿಗೆ ಬೇಕಾದುದು ಗಟ್ಟಿ ದನಿ, ನೆನಪಿನ ಶಕ್ತಿ. ಹಗಲು ಒಡೆಯರ ತೋಟದಲ್ಲಿ ಕಾಯಿ ಹೊರುವವನ ಮಗ ರಾತ್ರಿ ರಾಜನಾಗಿ ಸಿಂಹಾಸನದ ಮೇಲೆ ಕುಳಿತ; ಒಡೆಯರ ಮಗ ದೂತನಾಗಿ ಅವನಿಗೆ ಕೈಮುಗಿದ. ಅದು ನಾಟಕವೇ ಹೌದು. ಆದರೆ ಕೆಳಗೆ ಕುಳಿತು ನೋಡಿದವರ ಕಣ್ಣು ಅದನ್ನು ಅಷ್ಟು ಬೇಗ ಮರೆಯಲಾರದು.

ಹಸಿವು ಮತ್ತು ಹಾಜರಿ

ವೇದಿಕೆಯ ಮೇಲೆ ನಿಲ್ಲಲು ಮಗು ಮೊದಲು ಶಾಲೆಯಲ್ಲಿ ಉಳಿಯಬೇಕಲ್ಲವೇ? 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ಮಕ್ಕಳನ್ನು ಶಾಲೆಗೆ ಕರೆಯಿತು. ಆದರೆ ಹಸಿದ ಹೊಟ್ಟೆ ಕಾಯಿದೆಯ ಮಾತು ಕೇಳುವುದಿಲ್ಲ. ಆ ದಶಕದಿಂದ ಮುಂದಕ್ಕೆ ಕೇರ್ ಸಂಸ್ಥೆಯ ನೆರವಿನಿಂದ ಅನೇಕ ಶಾಲೆಗಳಲ್ಲಿ ಹಂಚಿದ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ಇವುಗಳ ವಾಸನೆ ಇಂದು ಅರವತ್ತು ದಾಟಿದ ಅನೇಕರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂದಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಈಚಿನ ವರ್ಷಗಳಲ್ಲಿ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು, ಚಿಕ್ಕಿ ಸೇರಿವೆ.

ಬಿಸಿಯೂಟ ಹೊಟ್ಟೆಯ ಮಾತು ಮಾತ್ರವಲ್ಲ. ಒಂದೇ ಪಾತ್ರೆಯ ಅನ್ನ, ಒಂದೇ ಸಾಲು, ಪಕ್ಕದಲ್ಲಿ ಯಾರು ಕುಳಿತರೂ ಸರಿ. ಅಪ್ಪ, ಅಜ್ಜ ಒಟ್ಟಿಗೆ ಕೂರದಿದ್ದ ಮನೆಗಳ ಮಕ್ಕಳು ಪ್ರತಿದಿನ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ನಾಡಿನ ಕೆಲವೆಡೆ ಅಡುಗೆ ಮಾಡುವವರ ಜಾತಿಯ ಕಾರಣಕ್ಕೆ ತಟ್ಟೆ ದೂರ ಸರಿಸಿದ ಕಹಿ ಪ್ರಸಂಗಗಳೂ ನಡೆದಿವೆ. ಅವು ಸುದ್ದಿಯಾದವು. ಸುದ್ದಿಯಾಗದೆ ಉಳಿದದ್ದು ಸಾವಿರಾರು ಶಾಲೆಗಳ ನಿತ್ಯದ ಸಹಪಂಕ್ತಿ. ಶೆಟ್ಟಿಕೆರೆಯ ಸುತ್ತಿನ ಸೀಮೆಯಲ್ಲಿ ತೋಟದ ಒಡೆಯರ ಮನೆಗಳಿವೆ, ಕೊಬ್ಬರಿ ಸುಲಿದು ದಿನಗೂಲಿ ಪಡೆಯುವವರ ಮನೆಗಳಿವೆ, ದಲಿತರ ಕೇರಿಗಳಿವೆ. ಈ ತಾಲ್ಲೂಕಿನಲ್ಲಿ ಜುಂಜಪ್ಪನ ಕಥೆಯನ್ನು ತಲೆತಲಾಂತರದಿಂದ ಹಾಡಿಕೊಂಡು ಬಂದ ಕಾಡುಗೊಲ್ಲರ ಹಟ್ಟಿಗಳಿವೆ. ಇಷ್ಟೂ ಮನೆಗಳ ಮಕ್ಕಳು ಒಂದೇ ಹಾಜರಿ ಪುಸ್ತಕದಲ್ಲಿ ಅಕ್ಷರಮಾಲೆಯ ಕ್ರಮದಲ್ಲಿ ಸೇರುವ ಸ್ಥಳ ಊರಿನಲ್ಲಿ ಬೇರೊಂದಿಲ್ಲ.

ಆ ಮಕ್ಕಳಿಗೆ ತಮ್ಮದೇ ಆದ ಒಂದು ಪುಟ್ಟ ರಾಜ್ಯವೂ ಉಂಟು. ಶಾಲಾ ಮಂತ್ರಿಮಂಡಲವನ್ನು ನೀವು ನೋಡಿಯೇ ಇರುತ್ತೀರಿ. ಚೀಟಿ ಹಾಕಿ ಮುಖ್ಯಮಂತ್ರಿಯನ್ನು ಆರಿಸುತ್ತಾರೆ. ಆಹಾರ ಮಂತ್ರಿ ಬಿಸಿಯೂಟದ ಸಾಲು ನೋಡಿಕೊಳ್ಳುತ್ತಾನೆ. ಆರೋಗ್ಯ ಮಂತ್ರಿ ಉಗುರು ಪರೀಕ್ಷಿಸುತ್ತಾಳೆ. ತೋಟದ ಮಂತ್ರಿ ಗಿಡಗಳಿಗೆ ನೀರು ಹಾಕಿಸುತ್ತಾನೆ. ಮಕ್ಕಳ ಸಂತೆಯ ದಿನ ಸೊಪ್ಪು, ಎಳನೀರು, ತೆಂಗಿನಕಾಯಿಗಳನ್ನು ತಂದು ಮಾರಿ ಲಾಭ ನಷ್ಟದ ಲೆಕ್ಕ ಕಲಿಯುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿ, ಹಾಡು ಕುಣಿತಗಳನ್ನು ವರ್ಷಕ್ಕೊಂದು ರಾತ್ರಿಯಿಂದ ಬಿಡಿಸಿ ನಿತ್ಯದ ತರಗತಿಗೆ ತಂದಿತು. 2000ರ ದಶಕದ ಆರಂಭದಲ್ಲಿ ಬಂದ ಪ್ರತಿಭಾ ಕಾರಂಜಿ, ಹಳ್ಳಿಯ ಮಗುವಿನ ದನಿಯನ್ನು ತಾಲ್ಲೂಕು, ಜಿಲ್ಲೆಗಳ ವೇದಿಕೆಗೂ ಏರಿಸಿತು.

ಲೆಕ್ಕ ಒಪ್ಪಿಸುವ ರಾತ್ರಿ

ಈಗ ಮತ್ತೆ ಆ ಸಂಜೆಗೆ ಬನ್ನಿ. ಕಾರ್ಯಕ್ರಮ ಎಂದಿನಂತೆ ತಡವಾಗಿಯೇ ಆರಂಭವಾಗಿದೆ. ಪ್ರಾರ್ಥನೆ, ಸ್ವಾಗತ, ಹಾರ ತುರಾಯಿ ಮುಗಿದು ಮುಖ್ಯೋಪಾಧ್ಯಾಯರು ವಾರ್ಷಿಕ ವರದಿ ಓದಲು ನಿಲ್ಲುತ್ತಾರೆ. ಜನರಿಗೆ ಅದು ಬೇಸರದ ಘಳಿಗೆ. ಹುಡುಗರು ಪರದೆಯ ಸಂದಿಯಿಂದ ಇಣುಕುತ್ತಿರುತ್ತಾರೆ. ಆದರೆ ಓದುಗರೇ, ಇಡೀ ರಾತ್ರಿಯಲ್ಲಿ ಕಿವಿಗೊಟ್ಟು ಕೇಳಬೇಕಾದುದು ಆ ವರದಿಯೇ. ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ಬಿಟ್ಟುಹೋದರು, ಮೇಷ್ಟ್ರುಗಳ ಹುದ್ದೆ ಎಷ್ಟು ಖಾಲಿಯಿದೆ, ಯಾವ ಕೊಠಡಿ ಸೋರುತ್ತಿದೆ, ತಟ್ಟೆ ಲೋಟ ಕೊಡಿಸಿದ ದಾನಿ ಯಾರು ಎಂಬುದೆಲ್ಲ ಅದರಲ್ಲಿದೆ. ಸರ್ಕಾರದ ಒಂದು ಸಂಸ್ಥೆ ತನ್ನ ವರ್ಷದ ಲೆಕ್ಕವನ್ನು ಊರವರ ಮುಂದೆ ನಿಂತು ಗಟ್ಟಿಯಾಗಿ ಓದುವ ಸಂದರ್ಭ ಹಳ್ಳಿಯಲ್ಲಿ ಬೇರೆ ಎಷ್ಟಿದೆ? ಕೂಲಿಮಠದ ಮಕ್ಕಳು ಅಂಗಳದಲ್ಲಿ ಹಾಡಿ ಒಪ್ಪಿಸುತ್ತಿದ್ದ ಲೆಕ್ಕವೇ ಇಲ್ಲಿ ಹೊಸ ರೂಪ ತಾಳಿದೆ.

ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಒಂದು ದಿನದಲ್ಲಿ ಆಗುವುದಿಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಕರಟವನ್ನು ಬಿಟ್ಟಾಗ ಕಾಯನ್ನು ಕೈಗೆತ್ತಿಕೊಂಡು ಅಲ್ಲಾಡಿಸಿ ಕಿವಿಗೆ ಹಿಡಿಯುತ್ತಾರೆ. ಒಳಗೆ ಗಿಟುಕು ಸದ್ದು ಮಾಡಿದರೆ ಹದವಾಯಿತೆಂದು ಅರ್ಥ. ವಾರ್ಷಿಕೋತ್ಸವವೆಂದರೆ ಊರು ತನ್ನ ಶಾಲೆಯನ್ನು ಹಾಗೆ ಕೈಗೆತ್ತಿಕೊಂಡು ಅಲ್ಲಾಡಿಸಿ ಕೇಳುವ ದಿನ. ಸದ್ದು ಬಂದರೆ ಸಂತೋಷ. ಬಾರದಿದ್ದರೆ ಕಾರಣ ಹುಡುಕಬೇಕಾದವರು ಅಟ್ಟಕ್ಕೇರಿಸಿದವರೇ.

ಈಚಿನ ವರ್ಷಗಳಲ್ಲಿ ಈ ಹಬ್ಬದೊಳಕ್ಕೆ ಎರಡು ಚಿಂತೆಗಳು ನುಸುಳಿವೆ. ಮೊದಲನೆಯದು ವೇಷಭೂಷಣದ ಖರ್ಚು. ನಾಟಕ ಹಿಂದೆ ಸರಿದು ಚಲನಚಿತ್ರ ಗೀತೆಗಳ ನೃತ್ಯ ಮುಂದೆ ಬಂದಂತೆ ಬಾಡಿಗೆ ಉಡುಪು ಅನಿವಾರ್ಯವಾಯಿತು. ಹಣ ಕೊಟ್ಟ ಮಗು ವೇದಿಕೆಯ ಮುಂದಿನ ಸಾಲಿನಲ್ಲಿ; ಕೊಡಲಾಗದ ಮಗು ಪ್ರೇಕ್ಷಕರ ಕೊನೆಯ ಸಾಲಿನಲ್ಲಿ. ಕಾಯಿಗೆ ನುಸಿ ಪೀಡೆ ಬಂದ ವರ್ಷ, ಕೊಬ್ಬರಿಯ ಬೆಲೆ ಕುಸಿದ ವರ್ಷ ಕೊನೆಯ ಸಾಲು ಇನ್ನಷ್ಟು ಉದ್ದವಾಗುತ್ತದೆ. ದಕ್ಷಿಣೆ ಕೊಡಲಾಗದವನಿಗೆ ಕೂಲಿಮಠದಲ್ಲಿ ಜಾಗವಿರಲಿಲ್ಲವೆಂದು ಮರುಗಿದೆವಲ್ಲ. ಅದೇ ದಕ್ಷಿಣೆ ಉಡುಪಿನ ಬಾಡಿಗೆಯಾಗಿ ಮರಳಿ ಬರುವುದಕ್ಕೆ ನಾವು ಎಡೆಗೊಡಬಾರದು. ತಾಯಿಯ ಸೀರೆ, ತಂದೆಯ ರುಮಾಲು, ತೆಂಗಿನ ಗರಿಯ ಕಿರೀಟಗಳಿಂದ ಆಡಿದ ನಾಟಕ ಯಾವ ಮಗುವನ್ನೂ ಹೊರಗಿಡುವುದಿಲ್ಲ.

ಎರಡನೆಯ ಚಿಂತೆ ಇನ್ನೂ ಆಳವಾದುದು. ರಾತ್ರಿಯ ವೇದಿಕೆಗೆ ಊರೆಲ್ಲ ಬರುತ್ತದೆ; ಬೆಳಗಾದರೆ ಅದೇ ಊರಿನ ಎಷ್ಟೋ ಮಕ್ಕಳು ಪೇಟೆಯ ಶಾಲೆಯ ಹಳದಿ ವಾಹನ ಹತ್ತಿ ಹೋಗುತ್ತಾರೆ. ಪಾಲಕರನ್ನು ದೂರಿ ಪ್ರಯೋಜನವಿಲ್ಲ. ಇಂಗ್ಲಿಷ್ ಬೇಕು ಎನ್ನುವ ಅವರ ಆಸೆ ನ್ಯಾಯವಾದುದು. ಒಬ್ಬರೇ ಮೇಷ್ಟ್ರು ಮೂರು ನಾಲ್ಕು ತರಗತ್ತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಕಷ್ಟ ಅವರ ಕಣ್ಣ ಮುಂದೆಯೇ ಇದೆ. 2012ರಿಂದ ಶಿಕ್ಷಣ ಹಕ್ಕಿನ ಕಾಯಿದೆಯಡಿ ಖಾಸಗಿ ಶಾಲೆಗಳ ಕಾಲು ಭಾಗ ಸೀಟುಗಳಿಗೆ ಸರ್ಕಾರವೇ ಶುಲ್ಕ ಕೊಟ್ಟಾಗ ಬಡವರ ಮಕ್ಕಳೂ ಆ ದಾರಿ ಹಿಡಿದರು. 2019ರಲ್ಲಿ ಆ ನಿಯಮಕ್ಕೆ ತಿದ್ದುಪಡಿ ಬಂದಿತು. ಮಕ್ಕಳು ಕಡಿಮೆಯಾದಂತೆ ಮೇಷ್ಟ್ರ ಹುದ್ದೆ ಕಡಿಮೆ. ಮೇಷ್ಟ್ರು ಕಡಿಮೆಯಾದಂತೆ ಮಕ್ಕಳು ಇನ್ನೂ ಕಡಿಮೆ. ಈ ಸುಳಿಗೆ ಸಿಕ್ಕ ಶಾಲೆಯಲ್ಲಿ ಕೊನೆಗೆ ಕೋಲಾಟಕ್ಕೆ ಬೇಕಾದಷ್ಟು ಜೋಡಿಗಳೂ ಉಳಿಯುವುದಿಲ್ಲ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನಮ್ಮ ಶಾಲಾ ವೇದಿಕೆಗಳ ಮೇಲೆ ಎಷ್ಟು ಸಾರಿ ಬಂದಿದೆಯೋ ಲೆಕ್ಕವಿಲ್ಲ. ಇಲಿಗಳಾಗಿ ತೆವಳುವ ಚಿಕ್ಕ ಮಕ್ಕಳನ್ನು ನೋಡಿ ನಾವು ನಕ್ಕಿದ್ದೇವೆ. ಆದರೆ ಆ ಕಥೆಯ ತಿರುಳು ನಗುವಂಥದಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳದ ಊರೊಂದು ತನ್ನ ಮಕ್ಕಳನ್ನು ಕಳೆದುಕೊಂಡ ಕಥೆ ಅದು. ‘ಜಾಗ ನಾವು ಕೊಡುತ್ತೇವೆ, ಮೇಷ್ಟ್ರನ್ನು ನೀವು ಕೊಡಿ’ ಎಂಬುದು 1868ರ ಹೋಬಳಿ ಶಾಲೆಯ ಒಪ್ಪಂದವಾಗಿತ್ತು. ಮಾತು ಕೊಟ್ಟವರು ಇಬ್ಬರು: ಊರು ಮತ್ತು ಸರ್ಕಾರ. ಇಬ್ಬರಲ್ಲಿ ಯಾರು ತಪ್ಪಿದರೂ ಖಾಲಿಯಾಗುವುದು ಮಕ್ಕಳ ಸಾಲೇ.

ಕಡೆಯ ಮಾತು

ದಾರಿ ಮುಚ್ಚಿಲ್ಲ. 2001ರಲ್ಲಿ ಸರ್ಕಾರದ ಆದೇಶದಿಂದ ರಚಿತವಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಪಾಲಕರ ಕೈಗೆ ಅಧಿಕಾರವನ್ನೇ ಕೊಟ್ಟಿವೆ. ಅದನ್ನು ಬಳಸಿಕೊಂಡ ಊರುಗಳಲ್ಲಿ ಕೊಠಡಿಗಳು ಎದ್ದಿವೆ, ಹಳೆಯ ವಿದ್ಯಾರ್ಥಿಗಳು ನೆರವಾಗಿದ್ದಾರೆ. 2020ರಲ್ಲಿ ಕೊರೋನಾ ಶಾಲೆಗಳ ಬಾಗಿಲು ಮುಚ್ಚಿಸಿದಾಗ ಮೇಷ್ಟ್ರುಗಳು ವಿದ್ಯಾಗಮದ ಹೆಸರಿನಲ್ಲಿ ಊರಿನ ಜಗುಲಿ, ದೇವಸ್ಥಾನದ ಅಂಗಳ, ಮರದ ನೆರಳುಗಳಿಗೆ ಬಂದು ಕೆಲವು ತಿಂಗಳು ಪಾಠ ಮಾಡಿದರು. ಕೂಲಿಮಠದ ಕಾಲದಂತೆ ಮತ್ತೊಮ್ಮೆ ಶಾಲೆ ಊರಿನ ಹೊಸ್ತಿಲಿಗೆ ಬಂದಿತ್ತು. ಆದರೆ ಈ ಬಾರಿ ಜಗುಲಿಯ ಮೇಲೆ ಹೆಣ್ಣುಮಕ್ಕಳೂ ಇದ್ದರು, ಕೇರಿಯ ಮಕ್ಕಳೂ ಇದ್ದರು. ನೂರೈವತ್ತು ವರ್ಷಗಳಲ್ಲಿ ನಾವು ನಡೆದು ಬಂದ ದೂರ ಎಷ್ಟೆಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು.

ಆದುದರಿಂದ ಪ್ರಿಯ ಓದುಗರೇ, ನಿಮ್ಮ ಊರಿನ ಸರ್ಕಾರಿ ಶಾಲೆಯಿಂದ ಈ ವರ್ಷ ವಾರ್ಷಿಕೋತ್ಸವದ ಕರೆಯೋಲೆ ಬಂದರೆ ದಯವಿಟ್ಟು ಹೋಗಿ. ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಆ ಶಾಲೆಯಲ್ಲಿ ಓದದಿದ್ದರೂ ಹೋಗಿ. ತಡವಾಗಿ ಹೋಗಿ ನೃತ್ಯ ನೋಡಿ ಬರಬೇಡಿ. ಬೇಗ ಹೋಗಿ ವರದಿಯನ್ನು ಕೇಳಿ. ಖಾಲಿ ಹುದ್ದೆಯ ಮಾತು ಬಂದಾಗ ಅದನ್ನು ಗುರುತಿಟ್ಟುಕೊಳ್ಳಿ. ಮರುದಿನ ಕೇಳಬೇಕಾದವರನ್ನು ಕೇಳಿ. ಚಪ್ಪಾಳೆ ತಟ್ಟುವಾಗ ಮುಂದಿನ ಸಾಲಿನ ಮಕ್ಕಳ ಹಿಂದೆ, ಪರದೆಯ ಮರೆಯಲ್ಲಿ, ಉಡುಪಿಲ್ಲದೆ ನಿಂತ ಮಗುವಿದೆಯೇ ಎಂದು ಒಮ್ಮೆ ನೋಡಿ.

ಹೊತ್ತು ಬಹಳವಾಗಿದೆ. ವಂದನಾರ್ಪಣೆ ಮುಗಿದು ದೀಪಗಳು ಆರುತ್ತಿವೆ. ತಾಯಂದಿರು ನಿದ್ದೆ ಹೋದ ಇಲಿಗಳನ್ನೂ ರಾಜರನ್ನೂ ಹೆಗಲಿಗೆ ಹಾಕಿಕೊಂಡು ತೋಟದ ನಡುವಿನ ದಾರಿ ಹಿಡಿದಿದ್ದಾರೆ. ಬೆಳಿಗ್ಗೆ ಗಂಟೆ ಬಾರಿಸಿದಾಗ ಆ ಮಕ್ಕಳೆಲ್ಲ ಮುಖದ ಬಣ್ಣ ಪೂರ್ತಿ ಹೋಗದೆಯೇ ಅದೇ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಾರೆ. ಆ ಸಾಲು ಮುಂದಿನ ವರ್ಷ ಒಂದಿಷ್ಟು ಉದ್ದವಾಗುವುದೋ ಗಿಡ್ಡವಾಗುವುದೋ ಎಂಬುದು ಮಕ್ಕಳ ಕೈಯಲ್ಲಿಲ್ಲ. ಅದು ಆ ರಾತ್ರಿ ಚಾಪೆಯ ಮೇಲೆ ಕುಳಿತು ನೋಡಿದ ನಮ್ಮ ನಿಮ್ಮ ಕೈಯಲ್ಲಿದೆ.